ಬಾಸ್ ಇರುವುದು ಬಾಗಿಲಲ್ಲಿ

ಎಂಬತ್ತರ ದಶಕದಲ್ಲಿ, ತೊಂಬತ್ತರ ದಶಕದ ಬಹುಭಾಗದಲ್ಲಿ, ಕಾರು ಕೊಳ್ಳುವುದು ಒಂದು ಕೆಲಸ, ಅದಕ್ಕೆ ಹಾಡು ಕೂರಿಸುವುದು ಇನ್ನೊಂದು ಕೆಲಸವಾಗಿತ್ತು. ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿ, 1983ರ ಡಿಸೆಂಬರಿನಲ್ಲಿ ಬಂದ ಮಾರುತಿ 800 ಇವುಗಳಲ್ಲಿ ಹೆಚ್ಚಿನವು ಸ್ಟಿರಿಯೊ ಇಲ್ಲದೆಯೇ ಷೋರೂಮಿನಿಂದ ಹೊರಬರುತ್ತಿದ್ದವು. ಪೂಜೆ ಮುಗಿಸಿ, ನಿಂಬೆಹಣ್ಣಿನ ಮೇಲೆ ಚಕ್ರ ಹಾಯಿಸಿದ ಮೇಲೆ ಬೆಂಗಳೂರಿನವರು ಜೆ.ಸಿ. ರಸ್ತೆಯ ಹಾದಿ ಹಿಡಿಯುತ್ತಿದ್ದರು. ಬೇರೆ ಊರಿನವರು ತಮ್ಮೂರಿನ ಟೇಪ್‌ರೆಕಾರ್ಡರ್ ರಿಪೇರಿಯವರನ್ನು ಹುಡುಕುತ್ತಿದ್ದರು. ಒಂದು ಕ್ಯಾಸೆಟ್ ಡೆಕ್, ಕೆಂಪು ಹಸಿರು ದೀಪ ಕುಣಿಯುವ ಇಕ್ವಲೈಸರ್, ಹಿಂದಿನ ಸೀಟಿನ ಬೆನ್ನಿಗಿರುವ ಹಲಗೆಯಲ್ಲಿ ಎರಡು ಅಂಡಾಕಾರದ ಸ್ಪೀಕರ್ ಕೂತರೆ ಕಾರು ಪೂರ್ತಿಯಾದಂತೆ. ಆರಿಂಚು ಅಗಲ, ಒಂಬತ್ತಿಂಚು ಉದ್ದದ ಆ ಸ್ಪೀಕರಿಗೆ ‘ಸಿಕ್ಸ್ ಬೈ ನೈನ್’ ಎಂದರೆ ಸಾಕಿತ್ತು, ಎಲ್ಲರಿಗೂ ಗೊತ್ತಾಗುತ್ತಿತ್ತು. 1987ರಲ್ಲಿ ‘ಪ್ರೇಮಲೋಕ’ ಬಂದಾಗ ಹಂಸಲೇಖರ ತಾಳವಾದ್ಯಗಳ ಪೆಟ್ಟು ಎಷ್ಟೋ ಮಂದಿಯ ಎದೆಗೆ ಮೊದಲ ಸಲ ತಾಗಿದ್ದು ಇಂಥ ಹಲಗೆಗಳಿಂದ. ಸಿ. ಅಶ್ವತ್ಥ್ ಅವರ ಭಾವಗೀತೆಗಳ ಕ್ಯಾಸೆಟ್ಟುಗಳಲ್ಲಿ ತಬಲಾದ ಎಡದ ಗುಂಕಾರ ಊರಿಂದೂರಿಗೆ ಹೋಗುವ ದಾರಿಯನ್ನು ತುಂಬಿದ್ದೂ ಇವುಗಳಿಂದಲೇ. ಆ ಕಾಲದ ಬಾಸ್ ಬಗ್ಗೆ ಇವತ್ತಿಗೂ ಅಕ್ಕರೆಯಿಂದ ಮಾತಾಡುವವರು ಸಿಗುತ್ತಾರೆ. ಆ ಅಕ್ಕರೆಗೆ ಬರೀ ಹಳೆಯದರ ಮೇಲಿನ ಮೋಹ ಕಾರಣವಲ್ಲ, ಗಟ್ಟಿಯಾದ ಭೌತಿಕ ಕಾರಣವೇ ಇದೆ ಎಂಬುದು ನನ್ನ ನಂಬಿಕೆ.

ಇವತ್ತಿನ ಕಾರಿನಲ್ಲಿ ಹಾಡಿನ ಜೊತೆಗೆ ನಕಾಶೆ, ಫೋನು, ರಿವರ್ಸ್ ಕ್ಯಾಮೆರಾ ಎಲ್ಲವನ್ನೂ ಹೊತ್ತ ಟಚ್‌ಸ್ಕ್ರೀನ್ ಕಂಪನಿಯಿಂದಲೇ ಕೂತು ಬರುತ್ತದೆ. ಸ್ಟೀರಿಂಗಿನ ಮೇಲೆಯೇ ವಾಲ್ಯೂಮ್ ಗುಂಡಿ. ಸ್ವರ ಸ್ಪಷ್ಟ, ಮಾತು ಸ್ಪಷ್ಟ. ಆದರೂ ಕಾರಿನವರ ದೂರು ಮಾತ್ರ ಒಂದೇ: ಹಾಡು ಚೆನ್ನಾಗಿ ಕೇಳುತ್ತೆ, ಬಾಸ್ ಇಲ್ಲ. ಅಂಗಡಿಯಲ್ಲಿ ಈ ದೂರಿಗೆ ಸಿಗುವ ಉತ್ತರವೂ ಸಾಮಾನ್ಯವಾಗಿ ಒಂದೇ: ಡಿಕ್ಕಿಯಲ್ಲಿ ಹನ್ನೆರಡು ಇಂಚಿನ ಸಬ್‌ವೂಫರ್ ಇಡಿ, ಇಷ್ಟು ಸಾವಿರ ವಾಟ್. ಕಾರಿಗೆ ಹಾಡು ಕೂರಿಸುವ ಹವ್ಯಾಸದ ಒಡನಾಟದಲ್ಲಿ ಕಳೆದ ಕಾಲವನ್ನು ಹಿಂದಿರುಗಿ ನೋಡಿದಾಗ ನನಗೆ ಗಟ್ಟಿಯಾಗಿ ಅನ್ನಿಸುವುದು, ಈ ಉತ್ತರದಲ್ಲಿ ಕ್ರಮವೇ ತಲೆಕೆಳಗಾಗಿದೆ ಎಂದು. ಬಾಸ್ ಹುಟ್ಟುವುದು ಸ್ಪೀಕರಿನ ಬೆಲೆಯಿಂದಲ್ಲ, ಅದನ್ನು ಕೂರಿಸಿದ ಜಾಗ ಗಾಳಿಯನ್ನು ಎಷ್ಟು ಭದ್ರವಾಗಿ ಹಿಡಿದಿಡುತ್ತದೆ ಎಂಬುದರಿಂದ. ಹಾಗಾಗಿ ಖರ್ಚಿನ ಮೊದಲ ಪಾಲು ಮುಂದಿನ ಎರಡು ಬಾಗಿಲುಗಳಿಗೆ ಮತ್ತು ಆ ಕೆಲಸ ಮಾಡುವ ಕೈಗಳಿಗೆ ಸಲ್ಲಬೇಕು; ಆಂಪ್ಲಿಫೈಯರ್ ಆಮೇಲೆ, ಸಬ್‌ವೂಫರ್ ಕೊನೆಗೆ.

ಇದು ಏಕೆ ಹೀಗೆ ಎಂದು ತಿಳಿಯಲು ತಗ್ಗು ಸ್ವರದ ಸ್ವಭಾವವನ್ನು ನೋಡಬೇಕು. ಮನುಷ್ಯನ ಕಿವಿಗೆ ಸುಮಾರು 20ರಿಂದ 20,000 ಹರ್ಟ್ಸ್‌ವರೆಗಿನ ಕಂಪನ ಕೇಳುತ್ತದೆ. ಬಾಸ್ ಎನ್ನುವುದು ಅದರಲ್ಲಿ 200 ಹರ್ಟ್ಸ್‌ಗಿಂತ ಕೆಳಗಿನ ಪಟ್ಟಿ. ಬಾಸ್ ಗಿಟಾರಿನ ಅತಿ ತಗ್ಗಿನ ತಂತಿ 41 ಹರ್ಟ್ಸ್‌ನಲ್ಲಿ ಮಿಡಿಯುತ್ತದೆ. ಗಾಳಿಯಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 340 ಮೀಟರ್. ಆದ್ದರಿಂದ 50 ಹರ್ಟ್ಸ್‌ನ ಒಂದು ಅಲೆಯ ಉದ್ದ ಹೆಚ್ಚುಕಡಿಮೆ 7 ಮೀಟರ್, ಅಂದರೆ ಕಾರಿಗಿಂತಲೂ ಉದ್ದ. ಇಂಥ ಅಲೆಯನ್ನು ಎಬ್ಬಿಸಲು ಸ್ಪೀಕರಿನ ಕೋನ್ ಬಹಳಷ್ಟು ಗಾಳಿಯನ್ನು ತಳ್ಳಬೇಕು. ಅದೇ ಜೋರಿನಲ್ಲಿ 100ರಿಂದ 50 ಹರ್ಟ್ಸ್‌ಗೆ ಇಳಿಯಬೇಕಾದರೆ ಕೋನ್ ನಾಲ್ಕು ಪಟ್ಟು ಗಾಳಿ ಸರಿಸಬೇಕು. 25ಕ್ಕೆ ಇಳಿದರೆ ಹದಿನಾರು ಪಟ್ಟು. ಇನ್ನೊಂದು ಸಂಗತಿ ಇದಕ್ಕಿಂತಲೂ ಮುಖ್ಯ. ಕೋನ್ ಮುಂದಕ್ಕೆ ಬಂದಾಗ ಎದುರಿನ ಗಾಳಿ ಒತ್ತಿಕೊಳ್ಳುತ್ತದೆ, ಬೆನ್ನ ಹಿಂದಿನ ಗಾಳಿ ತೆಳುವಾಗುತ್ತದೆ. ಮುಂದಿನ ಅಲೆ, ಹಿಂದಿನ ಅಲೆ ಒಂದಕ್ಕೊಂದು ವಿರುದ್ಧ. ಇವೆರಡರ ನಡುವೆ ಗೋಡೆ ಇಲ್ಲದಿದ್ದರೆ ತಗ್ಗು ಸ್ವರದ ಅಲೆಗಳು ಸುತ್ತಿಬಂದು ಪರಸ್ಪರ ಅಳಿಸಿಹಾಕುತ್ತವೆ. ಒಳ್ಳೆಯ ಸ್ಪೀಕರನ್ನು ಪೆಟ್ಟಿಗೆಯಿಂದ ಬಿಚ್ಚಿ ಮೇಜಿನ ಮೇಲಿಟ್ಟು ನುಡಿಸಿದರೆ ಅದು ತಗಡಿನ ಡಬ್ಬಿಯಂತೆ ಕಿರುಗುಡುವುದು ಇದಕ್ಕೇ.

ಈಗ ಹಳೆಯ ಪದ್ಮಿನಿಯ ಹಲಗೆಗೆ ಮರಳೋಣ. ಬಡಗಿಯಿಂದ ಪ್ಲೈವುಡ್ ಕೊಯ್ಯಿಸಿ, ರೆಕ್ಸಿನ್ ಹೊದಿಸಿ, ಹಿಂದಿನ ಗಾಜಿನ ಕೆಳಗೆ ಬಿಗಿದ ಆ ಹಲಗೆಯ ಮೇಲ್ಭಾಗ ಜನ ಕೂರುವ ಕೋಣೆ, ಕೆಳಭಾಗ ಡಿಕ್ಕಿ. ಸ್ಪೀಕರಿನ ಮುಂದಿನ ಅಲೆ ಕೋಣೆಗೆ, ಹಿಂದಿನ ಅಲೆ ಡಿಕ್ಕಿಗೆ. ನೂರಾರು ಲೀಟರಿನ ಡಿಕ್ಕಿ ತಾನೇ ಒಂದು ದೊಡ್ಡ ಸ್ಪೀಕರ್ ಪೆಟ್ಟಿಗೆಯಾಗಿತ್ತು. ಜನ ಹೊಗಳುತ್ತಿದ್ದದ್ದು ಫಾರಿನ್ ಸ್ಪೀಕರನ್ನು. ಆದರೆ ಆ ಹೊಗಳಿಕೆಯಲ್ಲಿ ಅರ್ಧ ಪಾಲು ಪ್ಲೈವುಡ್ಡಿಗೆ, ಇನ್ನರ್ಧದಲ್ಲಿ ಒಂದಿಷ್ಟು ಡಿಕ್ಕಿಗೆ ಸಲ್ಲಬೇಕಿತ್ತು. ಅದೇ ಸ್ಪೀಕರನ್ನು ಡಿಕ್ಕಿ ಬೇರೆಯಾಗಿಲ್ಲದ ಹ್ಯಾಚ್‌ಬ್ಯಾಕಿನಲ್ಲಿ, ಸುತ್ತ ಸಂದು ಬಿಟ್ಟ ಹಗುರ ಹಲಗೆಗೆ ಕೂರಿಸಿದಾಗ ಬಾಸ್ ಸೊರಗುತ್ತಿತ್ತು. ಸ್ಪೀಕರ್ ಅದೇ, ಡೆಕ್ ಅದೇ, ಬದಲಾದದ್ದು ಗೋಡೆ ಮಾತ್ರ. ಸ್ಪೀಕರೂ ಅದರ ಪೆಟ್ಟಿಗೆಯೂ ಕೂಡಿಯೇ ಒಂದು ವಾದ್ಯ ಎಂಬುದನ್ನು ಆಸ್ಟ್ರೇಲಿಯಾದ ನೆವಿಲ್ ಥೀಲ್ 1961ರಲ್ಲಿ, ರಿಚರ್ಡ್ ಸ್ಮಾಲ್ 1970ರ ದಶಕದ ಮೊದಲ ವರ್ಷಗಳಲ್ಲಿ ಲೆಕ್ಕದ ಸಮೇತ ತೋರಿಸಿದ್ದರು. ಇವತ್ತಿಗೂ ಸ್ಪೀಕರಿನ ಅಳತೆಗಳನ್ನು ಅವರಿಬ್ಬರ ಹೆಸರಿನಲ್ಲೇ ಕರೆಯುತ್ತಾರೆ. ನಮ್ಮ ಬಡಗಿಗಳಿಗೆ ಆ ಸೂತ್ರ ಗೊತ್ತಿರಲಿಲ್ಲ. ಹಲಗೆ ಬಿಗಿಯಾಗಿರಬೇಕು, ಅಲ್ಲಾಡಬಾರದು ಎಂಬುದು ಗೊತ್ತಿತ್ತು.

ಈಗ ಸ್ಪೀಕರ್ ಹಲಗೆಯಿಂದ ಬಾಗಿಲಿಗೆ ಬಂದಿದೆ. ಬಾಗಿಲಿನ ಒಳಹೊದಿಕೆಯ ಸ್ಕ್ರೂ ಬಿಚ್ಚಿ, ಕ್ಲಿಪ್ಪುಗಳನ್ನು ಒಂದೊಂದಾಗಿ ಎಬ್ಬಿಸಿ ತೆಗೆದರೆ ಅಲ್ಲಿ ಕಾಣುವುದು ಎರಡು ಪದರದ ತಗಡು. ಒಳಗಿನ ಪದರದಲ್ಲಿ ಗಾಜು ಏರಿಸಿ ಇಳಿಸುವ ಯಂತ್ರಕ್ಕೆಂದು ಕೈ ತೂರುವಷ್ಟು ದೊಡ್ಡ ಕಿಂಡಿಗಳಿರುತ್ತವೆ. ಅವನ್ನು ಮುಚ್ಚಿರುವುದು ಒಂದು ತೆಳು ಪ್ಲಾಸ್ಟಿಕ್ ಹಾಳೆ; ಅದರ ಕೆಲಸ ಮಳೆನೀರು ಒಳಗೆ ಬಾರದಂತೆ ತಡೆಯುವುದು, ಶಬ್ದವನ್ನಲ್ಲ. ಸ್ಪೀಕರ್ ಕೂತಿರುವುದು ಪ್ಲಾಸ್ಟಿಕ್ ಬಳೆಯೊಂದರ ಮೇಲೆ. ಹಿಂದಿನ ಅಲೆ ಆ ಕಿಂಡಿಗಳಿಂದ ನುಸುಳಿ ಮುಂದೆ ಬಂದು ಬಾಸನ್ನು ತಿಂದುಹಾಕುತ್ತದೆ. ಉಳಿದದ್ದು ಹೊರಗಿನ ತಗಡನ್ನು ನಡುಗಿಸುತ್ತದೆ. ನುರಿತ ಮೆಕ್ಯಾನಿಕ್ ಇಲ್ಲಿ ಮಾಡುವ ಕೆಲಸ ಸರಳ, ಆದರೆ ತಾಳ್ಮೆಯದು. ತಗಡನ್ನು ಒರೆಸಿ ಎಣ್ಣೆಯಂಶ ತೆಗೆಯುತ್ತಾರೆ. ಹೊರತಗಡಿನ ಒಳಮೈಗೆ ಬ್ಯುಟೈಲ್ ರಬ್ಬರಿನ ಡ್ಯಾಂಪಿಂಗ್ ಶೀಟ್ ಅಂಟಿಸಿ, ಸಣ್ಣ ರೋಲರಿನಿಂದ ಗಾಳಿಗುಳ್ಳೆ ಉಳಿಯದಂತೆ ಒತ್ತುತ್ತಾರೆ. ಒಳಪದರದ ಕಿಂಡಿಗಳನ್ನು ಮುಚ್ಚುತ್ತಾರೆ. ಪ್ಲಾಸ್ಟಿಕ್ ಬಳೆಯ ಬದಲಿಗೆ ನೀರು ತಡೆಯುವಂತೆ ಬಣ್ಣ ಬಳಿದ ಗಟ್ಟಿ ಬಳೆ ಕೂರಿಸಿ, ಸ್ಪೀಕರಿನ ಅಂಚಿಗೆ ಫೋಮ್ ಸುತ್ತುತ್ತಾರೆ. ಬಾಗಿಲಿನ ತಳದಲ್ಲಿ ನೀರು ಹರಿದುಹೋಗುವ ತೂತುಗಳನ್ನು ಮಾತ್ರ ಮುಟ್ಟಬಾರದು. ಅವು ಕಟ್ಟಿಕೊಂಡರೆ ಮಲೆನಾಡು, ಕರಾವಳಿಯ ಮಳೆಗೆ ಬಾಗಿಲು ಒಳಗಿಂದಲೇ ತುಕ್ಕು ಹಿಡಿಯುತ್ತದೆ. ಅಗ್ಗವೆಂದು ಡಾಂಬರಿನ ಶೀಟ್ ಹಾಕಿಸಿಕೊಂಡರೆ ಕಲಬುರಗಿ, ರಾಯಚೂರಿನ ಬಿಸಿಲಿಗೆ ಅದು ಮೆತ್ತಗಾಗಿ ವಾಸನೆ ಬರುತ್ತದೆ.

ತಗಡಿಗೆ ರಬ್ಬರ್ ಅಂಟಿಸಿದರೆ ಸ್ವರ ಹೇಗೆ ಬದಲಾಗುತ್ತದೆ ಎಂದು ಕೇಳುವವರಿಗೆ ಮೃದಂಗಕ್ಕಿಂತ ಒಳ್ಳೆಯ ಉತ್ತರವಿಲ್ಲ. ಕಛೇರಿಗೆ ಮುಂಚೆ ಮೃದಂಗದವರು ಎಡಮುಖಕ್ಕೆ ಕಲಸಿದ ರವೆಯನ್ನು ಮೆತ್ತುತ್ತಾರೆ. ಚರ್ಮದ ತೂಕ ಹೆಚ್ಚುತ್ತದೆ, ಕಂಪನ ನಿಧಾನವಾಗುತ್ತದೆ, ನಾದ ತಗ್ಗಿಗೆ ಇಳಿದು ಗಂಭೀರವಾಗುತ್ತದೆ. ಮೆತ್ತುವ ತೂಕವೂ ಜಾಗವೂ ನಾದವನ್ನು ಹೇಗೆ ತಿದ್ದುತ್ತವೆ ಎಂಬುದನ್ನು ಸರ್ ಸಿ. ವಿ. ರಾಮನ್ ಬೆಂಗಳೂರಿನಲ್ಲಿದ್ದಾಗ, 1934ರಲ್ಲಿ, ನಮ್ಮ ಚರ್ಮವಾದ್ಯಗಳ ಕುರಿತ ಪ್ರಬಂಧದಲ್ಲಿ ವಿವರಿಸಿದ್ದರು. ಬಾಗಿಲಿನ ತಗಡಿಗೂ ಇದೇ ನ್ಯಾಯ. ರಬ್ಬರಿನ ತೂಕ ತಗಡಿನ ಸ್ವಂತ ಸ್ವರವನ್ನು ಕೆಳಗಿಳಿಸುತ್ತದೆ. ಜೊತೆಗೆ ಅದರ ಜಿಗುಟುತನ ಕಂಪನದ ಶಕ್ತಿಯನ್ನು ಶಾಖವಾಗಿಸಿ ಕರಗಿಸುತ್ತದೆ. ಮೃದಂಗದಲ್ಲಿ ಚರ್ಮ ನುಡಿಯಬೇಕು, ಕಾರಿನಲ್ಲಿ ಬಾಗಿಲು ನುಡಿಯಬಾರದು, ಅಷ್ಟೇ ವ್ಯತ್ಯಾಸ.

ವಾಟ್‌ನ ವಿಷಯಕ್ಕೆ ಬಂದರೆ, ಸ್ಟಿರಿಯೊ ಪೆಟ್ಟಿಗೆಯ ಮೇಲಿನ ‘50 ವಾಟ್ × 4’ ಎಂಬ ಬರಹವನ್ನು ಒಮ್ಮೆ ಲೆಕ್ಕ ಹಾಕಿ ನೋಡಬೇಕು. ಇಂಜಿನ್ ಓಡುತ್ತಿರುವಾಗ ಕಾರಿನಲ್ಲಿ ಸಿಗುವ ವೋಲ್ಟೇಜ್ ಸುಮಾರು 14.4. ಸ್ಪೀಕರಿನ ತಡೆ 4 ಓಮ್. ಸಂಗೀತದ ಅಲೆಯಂತೆ ಏರಿಳಿಯುವ ಸ್ವರಕ್ಕೆ ಆ ವೋಲ್ಟೇಜಿನಲ್ಲಿ ಲೆಕ್ಕದ ಪ್ರಕಾರವೇ ಸಿಗಬಹುದಾದ ಶಕ್ತಿ 26 ವಾಟ್. ಒಳಗಿನ ನಷ್ಟ ಕಳೆದರೆ ಕೈಗೆ ಬರುವುದು 20ರ ಆಸುಪಾಸು. ಅಲೆಯ ತಲೆ ಬುಡ ಕತ್ತರಿಸಿ ಚೌಕವಾಗಿಸಿದಾಗ ಮಾತ್ರ ಲೆಕ್ಕ 50 ದಾಟುತ್ತದೆ, ಆದರೆ ಆಗ ಕೇಳುವುದು ಒಡಕು ಸದ್ದು. ಹಾಗಾಗಿ ಪ್ರತ್ಯೇಕ ಆಂಪ್ಲಿಫೈಯರಿಗೆ ಖಂಡಿತ ಅರ್ಥವಿದೆ. ಅದು ಬ್ಯಾಟರಿಯ ವೋಲ್ಟೇಜನ್ನು ಒಳಗೇ ಏರಿಸಿಕೊಂಡು ನಿಜವಾದ ಶಕ್ತಿ ಕೊಡುತ್ತದೆ. ಆದರೆ ಶಕ್ತಿಯನ್ನು ಇಮ್ಮಡಿಗೊಳಿಸಿದರೆ ಸಿಗುವುದು ಬರೀ 3 ಡೆಸಿಬೆಲ್; ಕಿವಿಗೆ ಎರಡರಷ್ಟು ಜೋರು ಅನ್ನಿಸಬೇಕಾದರೆ ಸುಮಾರು ಹತ್ತು ಪಟ್ಟು ಶಕ್ತಿ ಬೇಕು. ಸೋರುವ ಬಾಗಿಲಿನ ಮೂಲಕ ಕಳೆದುಹೋದದ್ದನ್ನು ವಾಟ್‌ನಿಂದ ತುಂಬಿಸಲು ಹೊರಡುವುದು ದುಬಾರಿಯ ದಾರಿ. ಅದಕ್ಕೂ ಮುಂಚೆ ಬಿಡಿಗಾಸಿನ ಪರೀಕ್ಷೆಯೊಂದಿದೆ. ಸ್ಪೀಕರಿನ ವೈರುಗಳನ್ನು ಸ್ಟಿರಿಯೊದ ಕಡೆ ಬಿಚ್ಚಿ, 1.5 ವೋಲ್ಟ್‌ನ ಸಣ್ಣ ಬ್ಯಾಟರಿಯನ್ನು ಕ್ಷಣಮಾತ್ರ ಸೋಕಿಸಿದರೆ, ಜೋಡಣೆ ಸರಿಯಿದ್ದಲ್ಲಿ ಕೋನ್ ಟಕ್ಕನೆ ಹೊರಕ್ಕೆ ಜಿಗಿಯುತ್ತದೆ. ಎಡದ್ದು ಹೊರಕ್ಕೆ, ಬಲದ್ದು ಒಳಕ್ಕೆ ಹೋದರೆ ಎರಡೂ ಬಾಗಿಲುಗಳು ಒಂದರ ಬಾಸನ್ನು ಇನ್ನೊಂದು ಅಳಿಸುತ್ತಿವೆ ಎಂದೇ ಅರ್ಥ. ಅಲ್ಲಿ ಬೇಕಾದದ್ದು ಹೊಸ ಸ್ಪೀಕರಲ್ಲ, ಎರಡು ವೈರುಗಳ ಅದಲುಬದಲು.

ಕಾರು ಕಂಪನಿಯ ಇಂಜಿನಿಯರುಗಳಿಗಿಂತ ನಮಗೆ ಹೆಚ್ಚು ಗೊತ್ತೇ, ಅವರು ಕೊಟ್ಟದ್ದನ್ನು ಕೆದಕುವುದೇಕೆ ಎಂಬ ಆಕ್ಷೇಪ ಸಹಜವಾದದ್ದು. ಆ ಇಂಜಿನಿಯರುಗಳ ಜ್ಞಾನದ ಬಗ್ಗೆ ನನಗೆ ಗೌರವವಿದೆ. ಆದರೆ ಅವರು ತೂಕ, ಬೆಲೆ, ಜಾಗ, ಲಕ್ಷಾಂತರ ಕಾರುಗಳ ಬಾಳಿಕೆ ಇಷ್ಟನ್ನೂ ಒಟ್ಟಿಗೆ ತೂಗಬೇಕು. ಸಣ್ಣ ಸ್ಪೀಕರ್ ಹರಿದುಹೋಗಬಾರದೆಂದು ವಾಲ್ಯೂಮ್ ಏರಿದಂತೆ ಬಾಸನ್ನು ತಾನಾಗಿ ತಗ್ಗಿಸುವ ಏರ್ಪಾಡು ಈಗಿನ ಎಷ್ಟೋ ಕಂಪನಿ ಸ್ಟಿರಿಯೊಗಳಲ್ಲಿದೆ. ಅದು ಅವರ ಎಚ್ಚರ. ಕಂಪನಿಯೇ ಕಾರಿನ ಒಳಾಂಗಣವನ್ನು ಲೆಕ್ಕಕ್ಕೆ ತೆಗೆದುಕೊಂಡಾಗ ಏನಾಗುತ್ತದೆ ಎಂಬುದಕ್ಕೂ ಇತಿಹಾಸದಲ್ಲಿ ಸಾಕ್ಷಿ ಇದೆ. 1982ರಲ್ಲಿ ಅಮರ್ ಬೋಸ್ ಅವರ ಸಂಸ್ಥೆ ಮತ್ತು ಜನರಲ್ ಮೋಟಾರ್ಸ್ ಕೂಡಿ, 1983ರ ಮಾದರಿಯ ಕ್ಯಾಡಿಲಾಕ್ ಸೆವಿಲ್‌ನಂಥ ಕಾರುಗಳಿಗೆ ಆಯಾ ಕಾರಿನ ಒಳಗಿನ ಆಕಾರಕ್ಕೆ ಹೊಂದುವಂತೆ ರೂಪಿಸಿದ ಸ್ಟಿರಿಯೊವನ್ನು ತಂದವು. ಅಂಗಡಿಯ ಬಿಡಿ ಸಾಮಾನಿಗಿಂತ ಕೋಣೆಗೆ ಹೊಂದಿಸಿದ ವ್ಯವಸ್ಥೆ ಮೇಲು ಎಂಬುದೇ ಅದರ ಸಾರ. ನನ್ನ ವಾದಕ್ಕೆ ಇದು ಬಲವೇ ಹೊರತು ವಿರೋಧವಲ್ಲ. ಇನ್ನು ವಾರಂಟಿಯ ಭಯ. ಕಂಪನಿಯ ವೈರ್ ಕತ್ತರಿಸಿದರೆ ಆ ಭಯ ನ್ಯಾಯವೇ. ಆದ್ದರಿಂದ ಕಪ್ಲರಿಗೆ ಕಪ್ಲರ್ ಕೂಡಿಸುವ ವೈರಿಂಗ್ ಕಿಟ್ಟನ್ನೇ ಕೇಳಿ ಹಾಕಿಸಬೇಕು. ಟಚ್‌ಸ್ಕ್ರೀನನ್ನು ಕೀಳದೆ, ಅದರ ಸ್ಪೀಕರ್ ವೈರಿನಿಂದಲೇ ಸಿಗ್ನಲ್ ತೆಗೆದುಕೊಳ್ಳುವ ಆಂಪ್ಲಿಫೈಯರುಗಳಿವೆ. ಬಾಗಿಲಿನ ಡ್ಯಾಂಪಿಂಗಂತೂ ಒಂದು ವೈರನ್ನೂ ಮುಟ್ಟುವುದಿಲ್ಲ.

ಎರಡನೆಯ ಆಕ್ಷೇಪ ಹವ್ಯಾಸಿಗಳದು: ಇಷ್ಟೆಲ್ಲ ತಾಪತ್ರಯ ಯಾಕೆ, ಒಂದು ಸಬ್‌ವೂಫರ್ ಇಟ್ಟರೆ ಸಾಕಲ್ಲ? ಸಬ್‌ವೂಫರಿನ ಪ್ರಯೋಜನವನ್ನು ನಾನು ಅಲ್ಲಗಳೆಯುವುದಿಲ್ಲ. ಕಾರಿನ ಪುಟ್ಟ ಕೋಣೆ ಅದಕ್ಕೆ ನೆರವಾಗುತ್ತದೆ. ಎರಡೂವರೆ ಮೀಟರ್ ಉದ್ದದ ಕೋಣೆಯಲ್ಲಿ ಸುಮಾರು 68 ಹರ್ಟ್ಸ್‌ಗಿಂತ ಕೆಳಗೆ ಅಲೆ ಬಿಡಿಸಿಕೊಳ್ಳಲು ಜಾಗವೇ ಇರುವುದಿಲ್ಲ. ಒಳಗಿನ ಗಾಳಿಯ ಒತ್ತಡವೇ ಒಟ್ಟಾರೆ ಏರಿಳಿಯುತ್ತದೆ, ತಗ್ಗು ಸ್ವರ ತಾನಾಗಿ ಬಲಗೊಳ್ಳುತ್ತದೆ. ಸಿದ್ಧಾಂತದ ಪ್ರಕಾರ ಈ ಏರಿಕೆ ಪ್ರತಿ ಸ್ಥಾಯಿಗೆ 12 ಡೆಸಿಬೆಲ್‌ವರೆಗೆ. ಮುಚ್ಚಿದ ಪೆಟ್ಟಿಗೆಯ ಸಬ್‌ವೂಫರ್ ತಗ್ಗಿನಲ್ಲಿ ಕಳೆದುಕೊಳ್ಳುವುದೂ ಅಷ್ಟೇ. ಎರಡೂ ಸರಿದೂಗುವುದರಿಂದ ಸಾಧಾರಣ ಗಾತ್ರದ ಮುಚ್ಚಿದ ಪೆಟ್ಟಿಗೆಯೇ ಕಾರಿಗೆ ಸಾಕಾಗುತ್ತದೆ. ಆದರೆ ಸಬ್‌ವೂಫರಿನ ಸರಹದ್ದು ಸುಮಾರು 80 ಹರ್ಟ್ಸ್. ಅದರ ಕೆಳಗೆ ಸದ್ದು ಎಲ್ಲಿಂದ ಬರುತ್ತಿದೆ ಎಂದು ಕಿವಿಗೆ ತಿಳಿಯುವುದಿಲ್ಲ. ಅದನ್ನು ಮೀರಿ ನುಡಿಸಿದರೆ ಡೋಲು ಡಿಕ್ಕಿಯಲ್ಲಿ, ಹಾಡುಗಾರ ಮುಂದೆ ಎಂದಾಗುತ್ತದೆ. 80ರಿಂದ 200ರ ನಡುವಿನ ಪಟ್ಟಿಯಲ್ಲೇ ಗಂಡುದನಿಯ ಬುಡ ಇರುವುದು, ತಾಳದ ಪೆಟ್ಟಿನ ಬಿಗಿ ಇರುವುದು. ಆ ಪಟ್ಟಿಯನ್ನು ನುಡಿಸಬೇಕಾದದ್ದು ಬಾಗಿಲು. ಬಾಗಿಲು ಸೋರುತ್ತಿದ್ದರೆ ಕೆಳಗೆ ಗುಡುಗು, ಮೇಲೆ ಕಿರುದನಿ, ನಡುವೆ ಟೊಳ್ಳು. ಎಲ್ಲ ಹಾಡೂ ಒಂದೇ ಗುಮ್ಮಿನಲ್ಲಿ ಕೇಳುವ ಕಾರುಗಳ ಕತೆ ಇದೇ.

ಬಾಸ್ ಎಂದರೆ ಗದ್ದಲ, ರಸ್ತೆಯವರಿಗೂ ಮನೆಯವರಿಗೂ ಕಿರಿಕಿರಿ, ಕಿವಿಗೆ ಹಾನಿ ಎನ್ನುವ ಮೂರನೆಯ ಆಕ್ಷೇಪವೇ ಎಲ್ಲಕ್ಕಿಂತ ತೂಕದ್ದು. ರಾತ್ರಿ ಹೊತ್ತು ಕಿಟಕಿ ನಡುಗಿಸುತ್ತ ಹೋಗುವ ಕಾರುಗಳನ್ನು ಕಂಡವರ ಸಿಟ್ಟು ನ್ಯಾಯವಾದದ್ದು. ವಾಸದ ಬಡಾವಣೆಗಳಲ್ಲಿ ಹಗಲು 55, ರಾತ್ರಿ 45 ಡೆಸಿಬೆಲ್ ಮೀರಬಾರದೆಂದು 2000ದ ಶಬ್ದ ಮಾಲಿನ್ಯ ನಿಯಮಗಳು ಹೇಳುತ್ತವೆ. ಆ ಅಳತೆಯ ವಿಧಾನ 50 ಹರ್ಟ್ಸ್‌ನ ಸದ್ದನ್ನು ಸುಮಾರು 30 ಡೆಸಿಬೆಲ್ ಕಡಿಮೆ ಮಾಡಿಯೇ ಎಣಿಸುತ್ತದೆ. ಅಂದರೆ ಗೋಡೆ ದಾಟಿ ಬರುವ ಗುಮ್ಮಿನ ಕಾಟ ಮೀಟರಿನಲ್ಲಿ ಪೂರ್ತಿ ಕಾಣುವುದೇ ಇಲ್ಲ. ಹಾಗಾಗಿ ಇಲ್ಲಿ ಕಾನೂನಿಗಿಂತ ಕಾರಿನವರ ಸಜ್ಜನಿಕೆ ಮುಖ್ಯ. ಆದರೂ ಒಳ್ಳೆಯ ಬಾಸ್ ಜೋರು ಬಾಸ್ ಆಗಬೇಕಿಲ್ಲ. ಸದ್ದು ಮೆತ್ತಗಿದ್ದಾಗ ಕಿವಿ ತಗ್ಗು ಸ್ವರಗಳನ್ನು ಬಹಳ ಕಡಿಮೆ ಗ್ರಹಿಸುತ್ತದೆ ಎಂಬುದನ್ನು ಬೆಲ್ ಲ್ಯಾಬೊರೇಟರಿಯ ಫ್ಲೆಚರ್ ಮತ್ತು ಮನ್ಸನ್ 1933ರಲ್ಲೇ ಅಳೆದು ತೋರಿಸಿದ್ದರು. ಹಳೆಯ ಡೆಕ್ಕುಗಳ ‘ಲೌಡ್‌ನೆಸ್’ ಗುಂಡಿ ಇದ್ದದ್ದು ಈ ಕೊರತೆ ತುಂಬಲು. ಬಾಸ್ ಸಾಲದ ಕಾರಿನಲ್ಲಿ ಜನ ತುಂಬಿದ ನಾದಕ್ಕಾಗಿ ವಾಲ್ಯೂಮ್ ಏರಿಸುತ್ತಾರೆ; ಏರುವುದು ಮಾತ್ರ ಕಿವಿ ಚುಚ್ಚುವ ಮೇಲಿನ ಸ್ವರ. ಬಾಸ್ ನೆಟ್ಟಗಿದ್ದರೆ ಕಡಿಮೆ ವಾಲ್ಯೂಮಿನಲ್ಲೇ ಹಾಡು ತುಂಬಿ ಬರುತ್ತದೆ. ವಾರಕ್ಕೆ 40 ಗಂಟೆ 80 ಡೆಸಿಬೆಲ್ ಎಂಬ ವಿಶ್ವ ಆರೋಗ್ಯ ಸಂಸ್ಥೆಯ ಮಿತಿಯೊಳಗೆ ಇರುವುದಕ್ಕೂ ಅದು ನೆರವು. ಟೈರು, ರಸ್ತೆಯ ಗದ್ದಲದಲ್ಲಿ ಹೆಚ್ಚಿನದು ತಗ್ಗು ಸ್ವರದ್ದೇ ಆದ್ದರಿಂದ ಅದು ಮೊದಲು ಮುಚ್ಚಿಹಾಕುವುದು ಬಾಸನ್ನು. ಬಾಗಿಲಿಗೆ ಹಾಕಿದ ಡ್ಯಾಂಪಿಂಗ್ ಆ ಗದ್ದಲವನ್ನೂ ಒಂದಿಷ್ಟು ತಗ್ಗಿಸುತ್ತದೆ.

ದುಡ್ಡಿನ ಮಾತೂ ಇದೆ. ಬಾಗಿಲಿನ ಕೆಲಸ ಕಣ್ಣಿಗೆ ಕಾಣುವುದಿಲ್ಲ, ಅದಕ್ಕೆ ಯಾಕೆ ಕೂಲಿ ಕೊಡಬೇಕು ಎಂದು ಗಿರಾಕಿ ಹಿಂದೆಗೆಯುತ್ತಾರೆ. ಅಂಗಡಿಯವರೂ ಫಿಟ್ಟಿಂಗ್ ಫ್ರೀ ಎಂದು ಹೇಳಿ ಸಾಮಾನು ಮಾರುತ್ತಾರೆ. ಫ್ರೀ ಎಂದ ಕೆಲಸಕ್ಕೆ ಹೊತ್ತು ಸಿಗುವುದಿಲ್ಲ. ಬಾಗಿಲು ಬಿಚ್ಚಿದರೂ ಶೀಟ್ ಅಂಟಿಸುವುದಿಲ್ಲ. ಬ್ಯಾಟರಿಯಿಂದ ಆಂಪ್ಲಿಫೈಯರಿಗೆ ಎಳೆದ ದಪ್ಪ ವೈರಿಗೆ ಫ್ಯೂಸ್ ಹಾಕಬೇಕಾದದ್ದು ಬ್ಯಾಟರಿಯ ಹತ್ತಿರ, ಒಂದೂವರೆ ಅಡಿಯೊಳಗೆ. ಇಂಜಿನ್ ಕೋಣೆಯ ತಗಡು ದಾಟುವಲ್ಲಿ ರಬ್ಬರ್ ಬಳೆ ಇರಬೇಕು. ಇವೆರಡು ತಪ್ಪಿದರೆ ಹೋಗುವುದು ಹಾಡಲ್ಲ, ಕಾರೇ. ತಾಮ್ರ ಲೇಪಿಸಿದ ಅಲ್ಯೂಮಿನಿಯಂ ವೈರನ್ನು ಶುದ್ಧ ತಾಮ್ರದ್ದೆಂದು ಕೊಂಡರೆ ಶಕ್ತಿ ವೈರಿನಲ್ಲೇ ಬಿಸಿಯಾಗಿ ಕಳೆಯುತ್ತದೆ. ಇವೆಲ್ಲ ಕೈಕೆಲಸದ ನಿಷ್ಠೆಗೆ ಸೇರಿದ ಸಂಗತಿಗಳು. ಬಿಲ್ಲಿನಲ್ಲಿ ಅವಕ್ಕೆ ಪ್ರತ್ಯೇಕ ಸಾಲು ಇರಬೇಕು, ಗಿರಾಕಿ ಅದನ್ನು ಗೌರವದಿಂದ ಕೊಡಬೇಕು. ಬಾಗಿಲು ಮುಗಿದ ಮೇಲೆ ಕಂಪನಿಯ ಕಾಗದದ ಕೋನಿನ ಸ್ಪೀಕರನ್ನೇ ಮತ್ತೆ ಕೂರಿಸಿ, ಚೆನ್ನಾಗಿ ಗೊತ್ತಿರುವ ಹಾಡೊಂದನ್ನು ಕೇಳಿ ನೋಡಿ ಎಂಬುದು ನನ್ನ ಸಲಹೆ. ಅನೇಕರಿಗೆ ಅಲ್ಲಿಗೇ ಸಾಕೆನ್ನಿಸುತ್ತದೆ. ಇನ್ನೂ ಬೇಕೆನ್ನುವವರು ಆರೂವರೆ ಇಂಚಿನ ಒಳ್ಳೆಯ ಸ್ಪೀಕರ್, ಆಮೇಲೆ ಆಂಪ್ಲಿಫೈಯರ್, ಆಮೇಲೆ ಸೀಟಿನಡಿಯ ಅಥವಾ ಡಿಕ್ಕಿಯ ಸಬ್‌ವೂಫರ್ ಎಂದು ಮುಂದೆ ಹೋಗಲಿ. ಪ್ರತಿ ಹೆಜ್ಜೆಗೂ ಬಾಗಿಲಿಗೆ ಹಾಕಿದ ದುಡ್ಡು ಬಡ್ಡಿ ಕೊಡುತ್ತಲೇ ಇರುತ್ತದೆ.

ಪ್ಲೈವುಡ್ ಹಲಗೆಯ ಕಾಲ ತಿರುಗಿ ಬರುವುದಿಲ್ಲ, ಬರಬೇಕಾಗಿಯೂ ಇಲ್ಲ. ಇವತ್ತಿನ ಸ್ಪೀಕರ್, ಇವತ್ತಿನ ರೆಕಾರ್ಡಿಂಗ್ ಎರಡೂ ಅಂದಿಗಿಂತ ಎಷ್ಟೋ ಮೇಲು. ಆದರೆ ಅಂದು ಬಡಗಿ, ಮೆಕ್ಯಾನಿಕ್ ಇಬ್ಬರೂ ಒಂದೇ ಕಾರಿನ ಮುಂದೆ ಕೂತು ಹಲಗೆಯ ಅಳತೆ ತೆಗೆಯುತ್ತಿದ್ದರು. ಹಾಡು ಕೂರಿಸುವುದನ್ನು ಕಟ್ಟುವ ಕೆಲಸವೆಂದು ಇಬ್ಬರಿಗೂ ತಿಳಿದಿತ್ತು. ಸಾಮಾನು ಪೆಟ್ಟಿಗೆಯಲ್ಲಿ ಬಂದು, ಅರ್ಧ ಗಂಟೆಯಲ್ಲಿ ಫಿಟ್ ಆಗಿ ಹೋಗುವ ಈ ಕಾಲದಲ್ಲಿ ಕಳೆದುಹೋದದ್ದು ಆ ತಿಳಿವಳಿಕೆ. ಅದನ್ನು ಮರಳಿ ತರುವುದು ಗಿರಾಕಿಯ ಕೈಯಲ್ಲೇ ಇದೆ. ಅಂಗಡಿಯಲ್ಲಿ ಎಷ್ಟು ವಾಟ್ ಎಂದು ಕೇಳುವ ಮೊದಲು, ಬಾಗಿಲಿಗೆ ಏನು ಮಾಡುತ್ತೀರಿ ಎಂದು ಕೇಳಿ. ಈ ಪ್ರಶ್ನೆಗೆ ವಿವರವಾಗಿ ಉತ್ತರ ಕೊಡುವ ಮೆಕ್ಯಾನಿಕ್ ಸಿಕ್ಕರೆ ಕಾರನ್ನು ನೆಮ್ಮದಿಯಿಂದ ಅವರಿಗೆ ಒಪ್ಪಿಸಬಹುದು.